ಬಿದ್ದಿದ್ದಲ್ಲ, ಇಳಿದಿದ್ದು

ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ನಮ್ಮ ಅಂಗಳದ ಮೆಣಸಿನ ಬಳ್ಳಿ ಮುಟ್ಟಿ ಆಣೆ ಮಾಡುತ್ತೇನೆ. ಆ ಬಳ್ಳಿ ಈಗಾಗಲೇ ಅರ್ಧ ಒಣಗಿದೆ, ನಿಜ. ಅದಕ್ಕೆ ರೋಗ ಕಾರಣ, ನನ್ನ ಹಿಂದಿನ ಆಣೆಗಳಲ್ಲ.

ಸೈಕಲ್ ಹತ್ತಿದವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಐವತ್ತು ದಾಟಿದ ಮೇಲೆ ಹತ್ತಿದವನಿಗೆ ದಿನಾ ಆಗುತ್ತದೆ. ಅದರಲ್ಲೂ ನನ್ನದರಂಥ ಸೈಕಲ್ಲು ಹತ್ತಿದರೆ, ಏನೂ ಆಗದ ದಿನವೇ ಊರಲ್ಲಿ ಸುದ್ದಿ.

ನನ್ನದು ಫಿಕ್ಸ್ ವೀಲ್ ಸೈಕಲ್ಲು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಿಮ್ಮ ಸೈಕಲ್ಲಿನಲ್ಲಿ ಇಳಿಜಾರು ಬಂದರೆ ನೀವು ತುಳಿಯುವುದು ನಿಲ್ಲಿಸಿ, ಮೀಸೆ ತಿರುವುತ್ತಾ ಕೂತಿರಬಹುದು. ಹಿಂದಿನ ಚಕ್ರದ ಫ್ರೀವೀಲ್ ಟಿಕ್ ಟಿಕ್ ಅನ್ನುತ್ತಾ ನಿಮ್ಮ ಸೋಮಾರಿತನವನ್ನು ಸಹಿಸಿಕೊಳ್ಳುತ್ತದೆ. ಫಿಕ್ಸ್ ವೀಲ್‌ನಲ್ಲಿ ಆ ದಾಕ್ಷಿಣ್ಯ ಇಲ್ಲ. ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತದೆ, ಪೆಡಲ್ ತಿರುಗುವವರೆಗೂ ಕಾಲು ತಿರುಗಬೇಕು. ನಿಲ್ಲಿಸಬೇಕೆಂದರೆ ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕು. ಕಾಲೇ ಎಂಜಿನ್ನು, ಕಾಲೇ ಬ್ರೇಕು.

ಹಾಸನದಲ್ಲಿ ಓದುತ್ತಿದ್ದ ಕಾಲದಲ್ಲಿ ನಾನು ಇಂಥದ್ದೇ ಸೈಕಲ್ಲಿನಲ್ಲಿ ಮೈದಾನ ಸುತ್ತುತ್ತಿದ್ದೆ. ಫಿಕ್ಸ್ ವೀಲ್‌ನಲ್ಲಿ ಇಡೀ ಜಿಲ್ಲೆಗೆ ನಾನೇ ಮೊದಲಿಗ. ಇಡೀ ಜಿಲ್ಲೆಯಲ್ಲಿ ಫಿಕ್ಸ್ ವೀಲ್ ಇದ್ದದ್ದು ಒಂದೇ, ಅದು ನನ್ನದು ಅನ್ನುವುದು ಬೇರೆ ಮಾತು. ಆಮೇಲೆ ಮದುವೆಯಾಯಿತು, ಆಲೂರಿನ ಹತ್ತಿರ ಮಗ್ಗೆ ಅನ್ನುವ ಊರಿನ ಮೇಲ್ಗಡೆ ಮನೆಯಾಯಿತು, ಕೆಳಗಿನ ಕಾಫಿ ಎಸ್ಟೇಟಿನಲ್ಲಿ ಆಳುಗಳನ್ನು ನೋಡಿಕೊಳ್ಳುವ ರೈಟರ್ ಕೆಲಸವಾಯಿತು. ಸೈಕಲ್ಲು ಅಟ್ಟ ಸೇರಿತು.

ತೊಂಬತ್ತರ ದಶಕದಲ್ಲಿ ಕಾಫಿಗೆ ರೇಟು ಬಂತು ನೋಡಿ, ಊರವರೆಲ್ಲ ಕಾರು, ಬೈಕು ತಂದರು. ನನಗೆ ಶುಗರ್ ಬಂತು. ಆಲೂರಿನ ಡಾಕ್ಟರು, "ದಿನಾ ಮೈ ಬೆವರಬೇಕು ಕಣ್ರೀ" ಅಂದರು. ನಾನು ಅಟ್ಟ ಹತ್ತಿದೆ.

ಸೈಕಲ್ಲು ಕೆಳಗೆ ಬಂದಾಗ ನಮ್ಮನೆಯವಳು ಅದನ್ನೂ ನನ್ನನ್ನೂ ಒಂದೇ ಥರ ನೋಡಿದಳು.

"ರೀ, ಓಡಿಸಿ. ಬ್ಯಾಡ ಅನ್ನಲ್ಲ. ಆದ್ರೆ ಒಂದು ದಿನ, ಒಂದೇ ಒಂದು ದಿನ, ಬಿದ್ದು ಬಂದ್ರಿ ಅಂದ್ರೆ ಇದನ್ನ ಗುಜರಿಯೋನಿಗೆ ಹಾಕಿ ಪ್ಲಾಸ್ಟಿಕ್ ಬಕೆಟ್ ತಗತೀನಿ."

ಸುಮ್ಮನೆ ಹೆದರಿಸುವ ಮಾತಲ್ಲ ಅದು. ಮುಂದಿನ ಭಾನುವಾರ ಗುಜರಿಯವನು ಬಂದಾಗ ಅವಳು ಬಕೆಟ್ಟಿನ ಬಣ್ಣವನ್ನೂ ಆರಿಸಿ ಇಟ್ಟಳು. ಹಸಿರು.

ಸರಿ ಇರುವುದನ್ನು ಕೆಡಿಸಿದ್ದು

ಅಟ್ಟದಿಂದ ಇಳಿಸಿದ ಸೈಕಲ್ಲಿಗೆ ಮಧ್ಯದಲ್ಲಿ ಯಾರೋ ಪುಣ್ಯಾತ್ಮರು ಸಾಮಾನ್ಯ ಫ್ರೀವೀಲ್ ಹಾಕಿಬಿಟ್ಟಿದ್ದರು. ಆಲೂರಿನ ಸೈಕಲ್ ಶಾಪಿನ ಭಾಯಿ ಹತ್ತಿರ ಹೋಗಿ, ಅದು ಅಲ್ಲಾಡದ ಹಾಗೆ ವೆಲ್ಡಿಂಗ್ ಹೊಡಿ ಅಂದೆ.

ಭಾಯಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದ. ಗಂಭೀರವಾದ ವಿಷಯಕ್ಕೆ ಮಾತ್ರ ಅವನು ಉಗಿಯುವುದು.

"ರೈಟ್ರೇ, ಫ್ರೀವೀಲ್ ಹಿಡ್ಕೊಂಡುಬುಟ್ಟೈತೆ, ಬಿಡಿಸ್ಕೊಡಿ ಅಂತ ಜನ ಬರ್ತಾರೆ. ನೀವು ಚೆನ್ನಾಗಿರೋದನ್ನ ಹಿಡಿಸ್ಕೊಡಿ ಅಂತೀರಲ್ಲ."

"ಅದು ರೇಸ್ ಸೈಕಲ್ ಭಾಯಿ. ಅದು ಹಂಗೇ ಇರೋದು."

"ಯಾರ ಜೊತೆ ರೇಸು?"

"ವಯಸ್ಸಿನ ಜೊತೆ" ಅಂದೆ. ಹೇಳಿದ ಮೇಲೆ ನನಗೇ ಚೆನ್ನಾಗಿ ಕೇಳಿಸಿತು. ಭಾಯಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ವೆಲ್ಡಿಂಗ್ ಮುಗಿದ ಮೇಲೆ ಬ್ರೇಕುಗಳನ್ನೂ ಬಿಚ್ಚಲು ಹೇಳಿದೆ. ಫಿಕ್ಸ್ ವೀಲ್ ಓಡಿಸುವವನು ಬ್ರೇಕ್ ಇಟ್ಟುಕೊಳ್ಳುವುದು ಪೈಲ್ವಾನನು ಊರುಗೋಲು ಹಿಡಿದ ಹಾಗೆ. ಭಾಯಿ ಸ್ಪ್ಯಾನರ್ ತಗೊಂಡ. ಬ್ರೇಕಿನ ಕಡ್ಡಿಗಳನ್ನು ಬಿಚ್ಚಿ ಅಂಗಡಿಯ ಗೋಡೆಯ ಮೊಳೆಗೆ ನೇತುಹಾಕಿದ, ಬಟ್ಟೆಯಲ್ಲಿ ಒರೆಸಿ, ಜೋಪಾನವಾಗಿ.

"ಇಲ್ಲೇ ಇರ್ತಾವೆ. ಯಾರಾದ್ರೂ ಬಂದು ಕೇಳ್ತಾರೆ. ನೀವೇ ಬಂದ್ರೆ ಖುಷಿ."

ನಾನು ಹೊರಟು ರಸ್ತೆಗೆ ಬಂದ ಮೇಲೆ ಹಿಂದಿನಿಂದ ಕೂಗಿದ: "ರೈಟ್ರೇ! ಇದನ್ನ ಯಾರು ಮಾಡಿದ್ದು ಅಂತ ಯಾರಾದ್ರೂ ಕೇಳುದ್ರೆ ನನ್ನ ಹೆಸರು ಹೇಳ್ಬ್ಯಾಡಿ. ಅಂಗಡಿ ನಡೀಬೇಕು!"

ಇಳಿಯುವ ವಿದ್ಯೆ

ನಮ್ಮ ಕಡೆ ಹಿರಿಯರು ಸೈಕಲ್ ಇಳಿಯುವುದಕ್ಕೆ ಒಂದು ಗತ್ತು ಇದೆ. ನಿಲ್ಲಿಸಿ ಇಳಿಯುವುದು ಹುಡುಗರ ಕೆಲಸ. ಹಿರಿಯರಾದವರು ಸೈಕಲ್ಲು ಇನ್ನೂ ಹೋಗುತ್ತಿರುವಾಗಲೇ ಬಲಗಾಲನ್ನು ಸೀಟಿನ ಮೇಲಿಂದ ಹಿಂದಕ್ಕೆ ಬೀಸಿ, ಎಡಪೆಡಲಿನ ಮೇಲೆ ಸ್ವಲ್ಪ ದೂರ ನಿಂತುಕೊಂಡೇ ಸಾಗಿ, ಟೀ ಅಂಗಡಿಯ ಮುಂದೆ ಸರಿಯಾಗಿ ಕಾಲೂರಬೇಕು. ಹಾಗೆ ಇಳಿದವರಿಗೆ ಬೆಂಚಿನಲ್ಲಿ ಜಾಗ ತಾನಾಗಿ ಆಗುತ್ತದೆ.

ಮೊದಲ ದಿನ ಮಗ್ಗೆಯ ಟೀ ಅಂಗಡಿಯ ಮುಂದೆ ನಾನು ಅದೇ ಗತ್ತಿನಲ್ಲಿ ಬಲಗಾಲು ಬೀಸಿದೆ. ಎಡಗಾಲಿನ ಕೆಳಗಿದ್ದ ಪೆಡಲಿಗೆ ನಮ್ಮ ಕಡೆಯ ಸಂಪ್ರದಾಯ ಗೊತ್ತಿರಲಿಲ್ಲ. ಅದು ತನ್ನ ಪಾಡಿಗೆ ಮೇಲೆ ಬಂತು. ನಾನೂ ಮೇಲೆ ಬಂದೆ. ಪೆಡಲು ವಾಪಸ್ ಕೆಳಗೆ ಹೋಯಿತು. ನಾನು ಬೇರೆ ದಾರಿಯಲ್ಲಿ ಹೋದೆ.

ಕಣ್ಣು ಬಿಟ್ಟಾಗ ಅಂಗಡಿಯ ಬೆಂಚಿನ ಕೆಳಗಿದ್ದೆ. ಮೇಲೆ ಕೂತಿದ್ದವರು ಬಗ್ಗಿ ನೋಡುತ್ತಿದ್ದರು.

"ಯಾಕ್ ರೈಟ್ರೇ, ಬಿದ್‌ಬುಟ್ರಾ?"

ಕಣ್ಣ ಮುಂದೆ ಹಸಿರು ಬಕೆಟ್ಟು ಬಂತು. ಈ ಮಾತು ಸಂಜೆಯೊಳಗೆ ಮನೆಗೆ ಮುಟ್ಟುತ್ತದೆ. ನಾನು ಬೆಂಚಿನ ಕೆಳಗಿನಿಂದಲೇ ಆದಷ್ಟು ಗಂಭೀರವಾಗಿ ಹೇಳಿದೆ: "ಬಿದ್ದಿದ್ದಲ್ಲ ಕಣಯ್ಯ, ಇಳಿದಿದ್ದು."

"ಇಳ್ದಿದ್ದಾ? ತಲೆ ಮುಂದಾಗಿ?"

"ರೇಸ್‌ನೋರು ಹಿಂಗೇ ಇಳಿಯೋದು."

ಅಂಗಡಿಯವನು ಟೀ ತಂದು ಬೆಂಚಿನ ಕೆಳಗೇ ಇಟ್ಟ.

ಸಂಜೆ ಮನೆಗೆ ಹೋದರೆ, ನಮ್ಮನೆಯವಳು ಆಲೂರು ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ ನನ್ನ ಸುತ್ತ ಒಂದು ಸುತ್ತು ಬಂದಳು. ರೈಟರ್ ಆದವನಿಗೆ ಖಾಕಿ ಚಡ್ಡಿ ಯೂನಿಫಾರಂ ಇದ್ದ ಹಾಗೆ. ಮಂಡಿ ಮುಚ್ಚಿಡಲು ಬರುವುದಿಲ್ಲ. "ಇದೇನಿದು ತರಚಿರೋದು?" ಅಂದಳು. ಅದಕ್ಕೂ ನನ್ನ ಹತ್ತಿರ ಅದೇ ಉತ್ತರ. "ಇಳೀವಾಗ ಆಗಿದ್ದು ಕಣೇ."

ಅವಳು ನಂಬಲಿಲ್ಲ. ಆದರೆ ಸಾಕ್ಷಿ ಇಲ್ಲದೆ ತೀರ್ಪು ಕೊಡುವವಳೂ ಅಲ್ಲ. ಬಕೆಟ್ಟು ಗುಜರಿಯವನ ಹತ್ತಿರವೇ ಉಳಿಯಿತು.

ಆಮೇಲೆ ಒಂದು ತಿಂಗಳು ಊರಲ್ಲಿ ಯಾರೂ ನನ್ನನ್ನು "ಬಿದ್ರಾ" ಅಂತ ಕೇಳಲಿಲ್ಲ. ಮರ್ಯಾದಸ್ಥರು. ಬೆಳಿಗ್ಗೆ ಸಿಕ್ಕರೆ, "ಇವತ್ತು ಎಲ್ಲಿ ಇಳಿದ್ರಿ ರೈಟ್ರೇ?" ಅಂತ ಕೇಳುತ್ತಿದ್ದರು.

ಬಸ್ಸನ್ನು ಹಿಡಿದದ್ದು

ಒಂದು ಸಲ ಡಾಕ್ಟರಿಗೆ ತೋರಿಸಲು ಆಲೂರಿಗೆ ಸೈಕಲ್ಲಿನಲ್ಲೇ ಹೊರಟೆ. ದಾರಿಯಲ್ಲಿ ಒಂದು ಉದ್ದದ ಇಳಿಜಾರು ಇದೆ. ಅಲ್ಲಿ ನನ್ನ ಮುಂದೆ ಸರ್ಕಾರಿ ಬಸ್ಸು ಹೋಗುತ್ತಿತ್ತು.

ನಮ್ಮ ಕಡೆಯ ಬಸ್ಸಿನವರು ದೇವರಂಥವರು. ಸ್ಟಾಪು ಇರಲಿ ಬಿಡಲಿ, ಯಾರಾದರೂ ಓಡಿ ಬರುತ್ತಿರುವುದು ಕಂಡರೆ ನಿಲ್ಲಿಸುತ್ತಾರೆ. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಏನು ಕಂಡಿರಬೇಕು? ತಲೆ ನರೆತ ಒಬ್ಬ ಮನುಷ್ಯ, ಖಾಕಿ ಚಡ್ಡಿ, ಇಳಿಜಾರಿನಲ್ಲಿ ಜೀವ ಬಿಟ್ಟುಕೊಂಡು ಪೆಡಲ್ ತುಳಿಯುತ್ತಿದ್ದಾನೆ. ಇಳಿಜಾರಿನಲ್ಲಿ ಯಾರಾದರೂ ತುಳಿಯುತ್ತಾರೆಯೇ? ತುಳಿದರೆ ಮನೆಯಲ್ಲಿ ಯಾರಿಗೋ ಹೆಚ್ಚುಕಮ್ಮಿ ಆಗಿದೆ ಎಂದೇ ಅರ್ಥ. ಬಸ್ಸು ನಿಂತಿತು.

ಆ ವೇಗದಲ್ಲಿ ನಾನು ತುಳಿಯುತ್ತಿರಲಿಲ್ಲ, ಪೆಡಲೇ ನನ್ನನ್ನು ತುಳಿಸುತ್ತಿತ್ತು. ಹಿಂದಕ್ಕೆ ಒತ್ತೋಣ ಅಂದರೆ ಕಾಲು ನನ್ನ ಮಾತು ಕೇಳುವ ಸ್ಥಿತಿಯಲ್ಲಿಲ್ಲ. ಬೇಡ, ನೀವು ಹೋಗಿ ಅಂತ ಒಂದು ಕೈ ಎತ್ತಿ ಆಡಿಸುತ್ತಾ ಬಸ್ಸಿನ ಪಕ್ಕದಲ್ಲೇ ದಾಟಿ ಹೋದೆ.

ಕೈ ಎತ್ತಿದ್ದೇ ತಪ್ಪಾಯಿತು. ಬಸ್ಸು ಹಿಂದೆಯೇ ಬಂತು. ನನ್ನನ್ನು ದಾಟಿ ಮುಂದೆ ಹೋಗಿ ಮತ್ತೆ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಕೈ ಚಾಚಿದ್ದ.

"ಹತ್ರೀ ಯಜಮಾನ್ರೇ, ಹತ್ರೀ!"

ಮತ್ತೆ ದಾಟಿ ಹೋದೆ. ಕಿಟಕಿಯಲ್ಲಿ ಕೂತಿದ್ದ ಅಜ್ಜಿಯೊಬ್ಬಳ ಮಾತು ಮಾತ್ರ ಕಿವಿಗೆ ಬಿತ್ತು. "ಪಾಪ, ಮನೇಲಿ ಏನೋ ಜಗಳ ಮಾಡ್ಕಂಡು ಬಂದವ್ನೆ ಕಣ್ರಪ್ಪ, ಒಬ್ಬನ್ನೇ ಬುಡ್‌ಬ್ಯಾಡಿ!"

ಇಳಿಜಾರು ಮುಗಿದು ಏರು ಶುರುವಾದ ಕಡೆ ಸೈಕಲ್ಲು ತಾನಾಗಿ ನಿಂತಿತು. ನನ್ನಲ್ಲಿ ಉಸಿರಿರಲಿಲ್ಲ, ಆದ್ದರಿಂದ ವಿವರಣೆಯೂ ಇರಲಿಲ್ಲ. ಬಸ್ಸು ಬಂತು. ಡ್ರೈವರೂ ಕಂಡಕ್ಟರೂ ಇಳಿದು ಏನೂ ಕೇಳದೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿದರು, ನನ್ನನ್ನು ಒಳಗೆ ಹಾಕಿದರು. ಅಜ್ಜಿ ಸರಿದು ಜಾಗ ಕೊಟ್ಟು, ಎಲ್ಲಾ ಸರಿ ಹೋಯ್ತದೆ ಮಗ ಅಂತ ಬೆನ್ನು ಸವರಿದಳು. ಉಸಿರು ಬಂದ ಮೇಲೆ ಡಾಕ್ಟರ ಹತ್ತಿರ ಹೊರಟಿದ್ದೇನೆ ಅಂದೆ. ಯಾರಿಗೂ ಆಶ್ಚರ್ಯವಾಗಲಿಲ್ಲ.

ಟಿಕೆಟ್ ಹರಿದು ಕೊಡುತ್ತಾ ಕಂಡಕ್ಟರ್ ಹೇಳಿದ: "ಬಸ್ ಹಿಡಿಯೋಕೆ ಓಡಿದೋರನ್ನ ಬೇಕಾದಷ್ಟು ಜನ ನೋಡಿವ್ನಿ ಯಜಮಾನ್ರೇ. ಬಸ್ಸನ್ನ ಎರಡು ಸಲ ಹಿಂದೆ ಹಾಕಿ ಆಮೇಲೆ ಹಿಡಿದೋರು ನೀವೇ."

ರಿವರ್ಸ್ ಗೇರು

ಫಿಕ್ಸ್ ವೀಲ್‌ನ ದೊಡ್ಡ ಹೆಚ್ಚುಗಾರಿಕೆ ಇನ್ನೂ ಹೇಳಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಸೈಕಲ್ಲು ಹಿಂದಕ್ಕೆ ಹೋಗುತ್ತದೆ. ಎಲ್ಲರಿಗೂ ಬರುವ ವಿದ್ಯೆಯಲ್ಲ. ನನಗೆ ಬರುತ್ತದೆ ಅನ್ನುವುದು ನನಗೂ ಆವತ್ತೇ ಗೊತ್ತಾದದ್ದು.

ನಮ್ಮ ಧಣಿಗಳಿಗೆ ಬಿಸಿಲೆ ಕಾಡಿನ ಕಡೆ ಇನ್ನೊಂದು ತೋಟ. ಅಲ್ಲಿ ಗೊಬ್ಬರ ಹಾಕಿಸುವ ಕೆಲಸಕ್ಕೆ ನನ್ನನ್ನು ಕಳಿಸಿದ್ದರು. ಎಸ್ಟೇಟಿನ ಜೀಪ್ ಡ್ರೈವರ್ ಬೇರೆ ಯಾರೂ ಅಲ್ಲ, ನನ್ನ ಬಾಮೈದ, ಅಂದರೆ ನಮ್ಮನೆಯವಳ ತಮ್ಮ. ಜೀಪು ಬಿಚ್ಚಿ ಜೋಡಿಸಿ ಅಭ್ಯಾಸ ಆದ ಮೇಲೆ, ಪ್ರಪಂಚದಲ್ಲಿ ತನ್ನಿಂದ ರಿಪೇರಿ ಆಗದ್ದು ಯಾವುದೂ ಇಲ್ಲ ಅಂತ ನಂಬಿದವನು. ಅವನೇ ನನ್ನನ್ನೂ ಸೈಕಲ್ಲನ್ನೂ ಅಲ್ಲಿಗೆ ತಂದು ಬಿಟ್ಟ.

ಬೆಳಿಗ್ಗೆ ಮಂಜು. ಮುಂದಿನ ಚಕ್ರ ಕಾಣುತ್ತಿತ್ತು, ಅದರಾಚೆ ಊಹೆ. ತೋಟದ ರಸ್ತೆಯ ತಿರುವಿನಲ್ಲಿ ಹೋಗುತ್ತಿದ್ದೇನೆ, ಎದುರಿಗೆ ಆನೆ. ರಸ್ತೆಗೆ ಅಡ್ಡ ನಿಂತಿದೆ. ಕರ‍್ರಗೆ, ಬೆನ್ನು ಉಬ್ಬಿಕೊಂಡು, ಅಲ್ಲಾಡದೆ.

ಆನೆ ಕಂಡರೆ ಬೆನ್ನು ತಿರುಗಿಸಿ ಓಡಬಾರದು ಅನ್ನುತ್ತಾರೆ. ಕೈಮುಗಿದು ಎರಡು ಮಾತು ಹೇಳಿ, ಮೆಲ್ಲಗೆ ಹಿಂದೆ ಸರಿಯಬೇಕು. ನಾನು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈ ಎದೆಗಿಟ್ಟು, "ಗಣೇಶಾ, ನಿನ್ನ ದಾರಿ ನಿಂಗೆ, ನನ್ನ ದಾರಿ ನಂಗೆ, ನಾನು ಬರೀ ರೈಟರ್ ಕಣಪ್ಪ, ತೋಟ ಧಣಿಗಳದ್ದು" ಅಂತ ಹೇಳುತ್ತಾ ಹಿಂದಕ್ಕೆ ತುಳಿದೆ. ನಂಬಿ, ಸೈಕಲ್ಲು ಹೋಯಿತು. ಆನೆಗೆ ಮುಖ ಕೊಟ್ಟುಕೊಂಡೇ, ಮರ್ಯಾದೆಯಾಗಿ, ಒಂದು ಜೀಪಿನುದ್ದ ಹಿಂದಕ್ಕೆ ಓಡಿಸಿದೆ. ಮನುಷ್ಯ ಹೀಗೆ ಹೋಗುವುದನ್ನು ಯಾವ ಆನೆಯೂ ನೋಡಿರಲಾರದು. ಅದು ಬೆರಗಾಗಿ ನಿಂತೇ ಇತ್ತು.

ಆಮೇಲೆ ಹಿಂದಿನ ಚಕ್ರಕ್ಕೆ ಚರಂಡಿ ಸಿಕ್ಕಿತು. ನಾನು ಅಲ್ಲಿ ಇಳಿದೆ.

ಜರಿಗಿಡದ ಮಧ್ಯದಿಂದ ತಲೆ ಎತ್ತಿದಾಗ ಆನೆಯ ಹಿಂದಿನಿಂದ ಬೀಡಿಯ ಹೊಗೆ ಬರುತ್ತಿತ್ತು. ಹೊಗೆಯ ಹಿಂದೆ ನನ್ನ ಬಾಮೈದ ಬಂದ. ಕರಿ ಟಾರ್ಪಾಲು ಹೊದಿಸಿದ ಜೀಪಿನ ಟ್ರೇಲರ್‌ಗೆ ಒರಗಿಕೊಂಡು ಅವನು ಮೊದಲಿನಿಂದಲೂ ಅಲ್ಲೇ ಇದ್ದನಂತೆ.

"ಭಾವ," ಅಂದ, ಬಹಳ ವಿನಯದಿಂದ, "ಅದ್ರೊಳಗೆ ಗೊಬ್ಬರ ಐತೆ. ಅಡ್ಡ ಬೀಳಾದು ಇನ್ನೂ ಬಾಕಿ ಐತಾ, ಇಲ್ಲಾ ಇಳಿಸ್ಲಾ?"

ಊರೆಲ್ಲ ವೈದ್ಯರೇ

ಅಕ್ಕನಿಗೆ ಹೇಳಬೇಡ ಮಾರಾಯ ಅಂತ ಬಾಮೈದನಿಂದ ಮಾತು ತಗೊಂಡೆ. ಅವನು ಮಾತಿಗೆ ತಪ್ಪಲಿಲ್ಲ. ಆನೆ ವಿಷಯ ಎತ್ತಲಿಲ್ಲ, ಚರಂಡಿ ವಿಷಯ ಎತ್ತಲಿಲ್ಲ. ಅಕ್ಕನ ಹತ್ತಿರ ಇಷ್ಟೇ ಹೇಳಿದ: "ಅಕ್ಕಾ, ಭಾವನ ಸೈಕಲ್ಲು ಪೂರಾ ಕೆಟ್‌ಹೋಗೈತೆ. ತುಳಿದ್ರೆ ಹಿಂದಕ್ಕೆ ಹೋಯ್ತದೆ."

ಊರಿಗೂ ಅದೇ ಅನುಮಾನ ಇತ್ತು. ಇಳಿಜಾರಿನಲ್ಲಿ ಕಾಲು ತಿರುಗಿಸುತ್ತಾ ಬರುವವನನ್ನು ಕಂಡರೆ ಯಾರಿಗಾದರೂ ಕರುಳು ಚುರುಕ್ ಅನ್ನುತ್ತದೆ. "ಫ್ರೀವೀಲ್ ಹಿಡ್ಕಂಡೈತೆ ರೈಟ್ರೇ, ಸೀಮೆಎಣ್ಣೆ ಬುಡಿ" ಅಂದವರಿದ್ದರು. ಎಳ್ಳೆಣ್ಣೆ ಅಂದವರಿದ್ದರು. ಒಬ್ಬರು ನಿಂತು, ಬಗ್ಗಿ, ಚಕ್ರ ತಿರುಗಿಸಿ ನೋಡಿ, ಬಹಳ ಹೊತ್ತು ಯೋಚನೆ ಮಾಡಿ, "ದೃಷ್ಟಿಯಾಗಿರಬೇಕು, ಒಂದು ನಿಂಬೆಹಣ್ಣು ಕಟ್ಟಿ" ಅಂದರು. ಕೆಟ್ಟಿಲ್ಲ, ಇದು ಹೀಗೇ ಇರುವುದು ಅಂದರೆ ಯಾರೂ ನಂಬುತ್ತಿರಲಿಲ್ಲ. ಆಯ್ತು ಬಿಡಿ, ರಿಪೇರಿಗೆ ಆಲಸ್ಯ ಅಂತ ಮುಖದಲ್ಲೇ ಹೇಳಿ ಹೋಗುತ್ತಿದ್ದರು.

ಮನೆಯಲ್ಲೂ ಅದೇ.

"ರೀ, ಅದನ್ನ ಒಂಚೂರು ಸರಿ ಮಾಡಿಸಬಾರದಾ?"

"ಸರಿಯಾಗೇ ಇದೆ ಕಣೇ."

"ಹಿಂದಕ್ಕೆ ಹೋಗೋದು ಸರಿನಾ?"

ಅವಳಿಗೆ ಹೇಗೆ ತಿಳಿಸಿ ಹೇಳಲಿ? ಎಸ್ಟೇಟಿನಲ್ಲಿ ಬೆಳಗಿನಿಂದ ಸಂಜೆಯವರೆಗೂ ನನ್ನ ಕೆಲಸ ಏನು? ಗಿಡದ ಬುಡದಲ್ಲಿ ನಿಂತು ಬೇರೆಯವರಿಗೆ "ಕೈ ನಿಲ್ಲಿಸ್ಬ್ಯಾಡಿ, ಕೈ ನಿಲ್ಲಿಸ್ಬ್ಯಾಡಿ" ಅನ್ನುವುದು. ನನಗೆ "ಕಾಲು ನಿಲ್ಲಿಸ್ಬ್ಯಾಡ" ಅಂತ ಹೇಳಲು ಪ್ರಪಂಚದಲ್ಲಿ ಇದ್ದದ್ದು ಅದೊಂದೇ. ಅದರ ಮೇಲೆ ಕೂತಷ್ಟು ಹೊತ್ತು ನಾನು ಶುಗರ್ ಇರುವ ರೈಟರ್ ಅಲ್ಲ, ಹಾಸನದ ಮೈದಾನದ ಹುಡುಗ. ಆದರೆ ಇದನ್ನೆಲ್ಲ ಗಂಡ ಹೆಂಡತಿ ಬಾಯಿ ಬಿಟ್ಟು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. "ನಿಂಗೆ ಗೊತ್ತಾಗಲ್ಲ ಸುಮ್ನಿರು" ಅಂದೆ.

ಅವಳು ಸುಮ್ಮನಾದಳು. ನಮ್ಮನೆಯವಳು ಸುಮ್ಮನಾದರೆ ಏನೋ ನಡೆಯುತ್ತಿದೆ ಎಂದು ಅರ್ಥ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಅದು ಹೊಳೆಯಲಿಲ್ಲ ನೋಡಿ.

ಸೀಮಂತಕ್ಕೆ ಹೊರಟದ್ದು

ಕಾಫಿ ಹಣ್ಣು ಕುಯ್ಯುವ ಕಾಲ. ಆಲೂರಿನಲ್ಲಿ ನಮ್ಮನೆಯವಳ ಅಣ್ಣನ ಮಗಳ ಸೀಮಂತ. ಬೆಳಿಗ್ಗೆ ಅವಳು ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು, ಚಕ್ಕುಲಿ ಡಬ್ಬ ಹಿಡಿದು ಜಗುಲಿಯಲ್ಲಿ ನಿಂತಳು. ನಮ್ಮ ಮೇಲಿನ ಹಳ್ಳಿಗೆ ಬರುವ ಬಸ್ಸು ಅವತ್ತು ಬರಲಿಲ್ಲ. ಬಸ್ಸು ಬೇಕೆಂದರೆ ಕೆಳಗೆ ಮಗ್ಗೆಗೆ ಹೋಗಬೇಕು.

"ನಡೀರಿ," ಅಂದಳು, "ಸೈಕಲ್ಲಲ್ಲೇ ಹೋಗೋಣ. ನಾನು ಕ್ಯಾರಿಯರ್ ಮೇಲೆ ಕೂರ್ತೀನಿ."

ನನಗೆ ನನ್ನ ಕಿವಿ ನಂಬಲಾಗಲಿಲ್ಲ. ಈ ಸೈಕಲ್ಲು ಅಟ್ಟದಿಂದ ಇಳಿದ ಮೇಲೆ ಅವಳು ಅದನ್ನು ಒಂದು ಬೆರಳಿನಿಂದಲೂ ಮುಟ್ಟಿದವಳಲ್ಲ. ಇವತ್ತು ತಾನಾಗಿ ಕೂರುತ್ತೇನೆ ಅನ್ನುತ್ತಾಳೆ, ಮೇಲೊಂದು ನಗು ಬೇರೆ. ಕೊನೆಗೂ ನನ್ನ ಸವಾರಿಯ ಮೇಲೆ ಇವಳಿಗೆ ನಂಬಿಕೆ ಬಂತು ಅಂದುಕೊಂಡೆ. ಎದೆ ಉಬ್ಬಿತು.

ಹೊರಟೆವು. ಮನೆಯಿಂದ ಸ್ವಲ್ಪ ದೂರ ರಸ್ತೆ ಸಪಾಟು. ಫಿಕ್ಸ್ ವೀಲ್ ಓಡಿಸುವವನು ತುಳಿಯುವುದನ್ನು ನಿಲ್ಲಿಸುವವನೇ ಅಲ್ಲವಲ್ಲ, ತುಳಿಯುತ್ತಾ ಹೋದೆ. ಎಲ್ಲ ಎಂದಿನಂತೆಯೇ ಇತ್ತು. ಇಳಿಜಾರು ಬಂತು. ಹಿಂದೆ ಭಾರ ಇದೆ, ವೇಗ ಮೊದಲೇ ತಡೆಯೋಣ ಅಂತ ಪೆಡಲನ್ನು ಹಿಂದಕ್ಕೆ ಒತ್ತಿದೆ.

ಪೆಡಲು ಹಿಂದಕ್ಕೆ ಹೋಯಿತು. ಸುಮ್ಮನೆ ಹೋಯಿತು. ಮಜ್ಜಿಗೆ ಕಡೆಯುವ ಹಾಗೆ ಹಿಂದಕ್ಕೆ ತಿರುಗುತ್ತಲೇ ಹೋಯಿತು. ಹಿಂದಿನ ಚಕ್ರದಿಂದ ಒಂದು ಸದ್ದು ಬಂತು. ಟಿಕ್ ಟಿಕ್ ಟಿಕ್ ಟಿಕ್.

"ಇದೇನೇ ಇದು!"

"ಗೊತ್ತಾಯ್ತಾ?" ಅವಳ ದನಿಯಲ್ಲಿ ಹಬ್ಬ. "ನನ್ನ ತಮ್ಮ ಮಾಡಿದ್ದು! ನಿನ್ನೆ ನೀವು ಸ್ನಾನಕ್ಕೆ ಹೋದಾಗ ಬಂದು ಹೊಸ ಫ್ರೀವೀಲ್ ಹಾಕಿಕೊಟ್ಟ. ಎಷ್ಟು ಸಲೀಸಾಗಿ ಹೋಗ್ತಿದೆ ನೋಡಿ!"

ಸಲೀಸಾಗಿಯೇ ಹೋಗುತ್ತಿತ್ತು. ಎರಡೂ ಕಡೆಯ ಕಾಫಿ ಗಿಡಗಳು ಬೇರೆ ಬೇರೆಯಾಗಿ ಕಾಣುವುದು ನಿಂತುಹೋಗಿತ್ತು.

"ಬ್ರೇಕು?" ಅಂದೆ.

"ಆ?"

"ಬ್ರೇಕೂ ಹಾಕಿದ್ನಾ ನಿನ್ ತಮ್ಮ?"

"ಅದು ಆಲೂರಲ್ಲಿ ಭಾಯಿ ಅಂಗಡೀಲಿ ನೇತಾಡ್ತಿದೆಯಂತೆ. ಇವತ್ತು ಬೆಳಿಗ್ಗೆ ತಂದು ಹಾಕ್ತೀನಿ ಅಂದವ್ನೆ!"

ಇದಾದ ಮೇಲೆ ನಮ್ಮಿಬ್ಬರ ನಡುವೆ ಮಾತುಕತೆ ನಡೆಯಲಿಲ್ಲ. ಅವಳು ಮಾತ್ರ "ಅಯ್ಯಯ್ಯೋ ಅವ್ವಾ, ಸತ್ನಲ್ಲವ್ವಾ" ಅಂತ ಇಳಿಜಾರಿನ ಉದ್ದಕ್ಕೂ ಕೂಗಿದ್ದು ಮಗ್ಗೆಯವರೆಗೂ ಕೇಳಿಸಿತಂತೆ. ನಾನು ರೇಸಿನವರಿಗೆ ತಕ್ಕ ಹಾಗೆ ತುಟಿ ಬಿಗಿದು, ಮುಂದಿನ ತಿರುವಿನ ಮೇಲೆ ಕಣ್ಣಿಟ್ಟು ಕೂತಿದ್ದೆ. ತಿರುವಿನಲ್ಲಿ ಎಡಕ್ಕೆ ಮೋರಿ, ಬಲಕ್ಕೆ ನಮ್ಮ ಎಸ್ಟೇಟಿನ ಪಲ್ಪರ್ ಮನೆ. ಹಣ್ಣಿನ ಬೀಜ ತೆಗೆದು ಉಳಿದ ಕೆಂಪು ಸಿಪ್ಪೆಯನ್ನು ಅದರ ಪಕ್ಕದಲ್ಲಿ ಆ ಸೀಸನ್ನಿನುದ್ದಕ್ಕೂ ಗುಡ್ಡೆ ಹಾಕಿದ್ದರು. ಮೋರಿಗೆ ತಳ ಇತ್ತು, ಕಲ್ಲಿನದು. ಸಿಪ್ಪೆಗೆ ನಾತ ಇತ್ತು, ಆದರೆ ಮೆತ್ತಗಿತ್ತು. ಅಷ್ಟು ವೇಗದಲ್ಲೂ ನಾನು ಎರಡನ್ನೂ ತೂಗಿ ನೋಡಿ ಬಲಕ್ಕೆ ತಿರುಗಿಸಿದೆ.

ಸಿಪ್ಪೆಯ ಗುಡ್ಡೆ ನಮ್ಮನ್ನು ಸೈಕಲ್ ಸಮೇತ ಒಳಗೆ ಕರೆದುಕೊಂಡಿತು.

ಹೊರಗೆ ಬಂದಾಗ ಹಣ್ಣು ಕುಯ್ಯುವ ಹೆಂಗಸರೆಲ್ಲ ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡೇ ರಸ್ತೆ ಬದಿಗೆ ಬಂದು ನಿಂತಿದ್ದರು. ನಾನೊಬ್ಬನೇ ಆಗಿದ್ದರೆ ಎಂದಿನ ಪ್ರಶ್ನೆ ಕೇಳುತ್ತಿದ್ದರು. ಅಮ್ಮಾವ್ರು ಇದ್ದಾರೆ ಅಂತ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. ಸೆರಗುಗಳು ಮಾತ್ರ ಅಲುಗಾಡುತ್ತಿದ್ದವು.

ನಮ್ಮನೆಯವಳು ಎದ್ದು ನಿಂತಳು. ನೇರಳೆ ಸೀರೆ ಯಾವುದು, ಸಿಪ್ಪೆ ಯಾವುದು ಗೊತ್ತಾಗುತ್ತಿರಲಿಲ್ಲ. ಮುಡಿಯಲ್ಲಿ ಮಲ್ಲಿಗೆ ಇದ್ದ ಜಾಗದಲ್ಲೂ ಸಿಪ್ಪೆಯೇ ಇತ್ತು, ಅದೂ ಒಪ್ಪವಾಗಿಯೇ ಕೂತಿತ್ತು. ಡಬ್ಬ ಕೈಯಲ್ಲಿತ್ತು, ಚಕ್ಕುಲಿಗಳು ನಮಗಿಂತ ಮುಂದೆ ಹೋಗಿದ್ದವು.

ಅವಳು ಡಬ್ಬ ನೋಡಿದಳು. ಸೈಕಲ್ ನೋಡಿದಳು. ನನ್ನನ್ನು ನೋಡಿದಳು. ನನ್ನ ಕಣ್ಣ ಮುಂದೆ ಹಸಿರು ಬಕೆಟ್ಟು ತುಂಬಿ ತುಳುಕಿತು. ಇಷ್ಟು ದಿನ ಸಾಕ್ಷಿ ಇರಲಿಲ್ಲ. ಇವತ್ತು ಅವಳೇ ಸಾಕ್ಷಿ, ಮೇಲೆ ಬುಟ್ಟಿ ಕಟ್ಟಿಕೊಂಡ ಹೆಣ್ಣಾಳುಗಳ ಇಡೀ ಸಾಲೇ ಸಾಕ್ಷಿ. ಮುಗಿಯಿತು, ಹಾಸನದ ಮೈದಾನ ಇವತ್ತಿಗೆ ಗುಜರಿ ಪಾಲು ಅಂದುಕೊಂಡೆ.

ಆಗಲೇ ಜೀಪು ಬಂತು. ಬಾಮೈದ ಇಳಿದ. ಕೈಯಲ್ಲಿ ಎರಡು ಬ್ರೇಕಿನ ಕಡ್ಡಿ, ಫಳಫಳ ಹೊಳೆಯುತ್ತಿದ್ದವು.

"ಭಾವ, ಬ್ರೇಕ್ ತಂದಿವ್ನಿ" ಅಂದ. ಆಮೇಲೆ ನಮ್ಮನ್ನು ಸರಿಯಾಗಿ ನೋಡಿದ. "ಅಕ್ಕಾ... ಬಿದ್‌ಬುಟ್ರಾ?"

ಹೆಂಗಸರ ಸೆರಗುಗಳೂ ನಿಂತವು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಮ್ಮನೆಯವಳು ಕಿವಿಯ ಮೇಲಿದ್ದ ಒಂದು ಸಿಪ್ಪೆಯನ್ನು ಎರಡು ಬೆರಳಲ್ಲಿ ತೆಗೆದು ಕೆಳಗೆ ಹಾಕಿದಳು. ಸೆರಗು ಸರಿ ಮಾಡಿಕೊಂಡಳು. ತಲೆ ಎತ್ತಿದಳು.

"ಬೀಳೋಕೆ ನಮಗೇನೋ ಬಂದಿರೋದು? ಇಳಿದ್ವಿ."

ಖಾಲಿ ಡಬ್ಬದ ಮುಚ್ಚಳ ಹಾಕಿದಳು.

"ಸುಮ್ನೆ ನೋಡ್ತಾ ನಿಂತಿದೀಯಲ್ಲ," ತಮ್ಮನ ಕಡೆ ತಿರುಗಿದಳು, "ಎತ್ತು ಆ ಸೈಕಲ್ಲು. ಈಗಲೇ ಆಲೂರಿಗೆ ತಗಂಡು ಹೋಗಿ, ಮೊದಲು ಹೆಂಗೆ ಕೆಟ್ಟಿತ್ತೋ ಹಂಗೇ ಕೆಡಿಸ್ಕಂಡು ಬಾ!"

ಸಾಯಂಕಾಲದೊಳಗೆ ಸೈಕಲ್ಲು ಕೆಟ್ಟು ಬಂತು. ಹಸಿರು ಬಕೆಟ್ಟನ್ನು ಮುಂದಿನ ಭಾನುವಾರ ಅವಳು ತಗೊಂಡೇಬಿಟ್ಟಳು, ತಮ್ಮ ಬಿಚ್ಚಿ ತಂದ ಹೊಸ ಫ್ರೀವೀಲನ್ನೂ ಒಂದಿಷ್ಟು ಹಳೆ ಕಬ್ಬಿಣವನ್ನೂ ಗುಜರಿಗೆ ಹಾಕಿ. ಸಿಪ್ಪೆಯ ಕಲೆ ಹತ್ತಿದ ಸೀರೆಯನ್ನು ಅದರಲ್ಲೇ ನೆನೆಹಾಕಿದಳು. ಸೈಕಲ್ಲಿನಲ್ಲಿ ಈಗಲೂ ನಾನು ದಿನಾ ಎಸ್ಟೇಟಿಗೆ ಹೋಗುತ್ತೇನೆ, ದಿನಾ ಅಲ್ಲಲ್ಲಿ ಇಳಿಯುತ್ತೇನೆ. ಸಂಜೆ ಮಂಡಿ ನೋಡಿ ಅವಳು ಏನೂ ಕೇಳುವುದಿಲ್ಲ, ಅರಿಶಿನ ತಂದು ಹಚ್ಚುತ್ತಾಳೆ.

ಇದಿಷ್ಟನ್ನೂ ಬರೆದು ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಎಲ್ಲ ನಿಜ, ಆದರೆ ಒಂದು ಸಣ್ಣ ವಿವರ ನೀವು ಕಟ್ಟಿದ್ದು ಅಂದಳು. ಮೆಣಸಿನ ಬಳ್ಳಿಯ ಉಳಿದರ್ಧದ ಮೇಲಿನ ಕರುಣೆಯಿಂದ ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಆ ಇಳಿಜಾರಿನ ಉದ್ದಕ್ಕೂ ತುಟಿ ಬಿಗಿದು ಕೂತಿದ್ದವಳು ಅವಳು. ಮಗ್ಗೆಯವರೆಗೂ ಕೇಳಿಸಿದ್ದು ನನ್ನ ಕೂಗು.